ಐದೂವರೆ ಮೀಟರ್ ಮನುಷ್ಯ

ಪರೀಕ್ಷೆ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಗಣಿತದ ಮೇಷ್ಟ್ರು ನಂಜುಂಡಯ್ಯ ಒಂದು ನೋಟ್‌ಬುಕ್ ಹಿಡಿದು ಹೆಡ್‌ಮಿಸ್ಟ್ರೆಸ್ ವಸಂತಮ್ಮನವರ ಕೋಣೆಗೆ ನುಗ್ಗಿದರು.

"ಪತ್ರಿಕೆ ಬಯಲಾಗಿದೆ ಮೇಡಂ! ಐದಕ್ಕೆ ಐದೂ ಲೆಕ್ಕ ಇದರಲ್ಲಿ ಬಿಡಿಸಿಟ್ಟಿದೆ!"

"ಯಾರದ್ದು?"

"ಶಾರದಳದ್ದು. ಹೊರಗಿಟ್ಟಿದ್ದ ಚೀಲದಿಂದ ಜಾರಿ ಬಿದ್ದಿತ್ತು."

ಅಲ್ಲೇ ಮೂಲೆಯಲ್ಲಿ ಕೂತಿದ್ದ ಗುಮಾಸ್ತ ನಾನು, ಹಿಡಿದಿದ್ದ ಫೈಲು ಕೆಳಗಿಟ್ಟೆ. ಹಿಂದಿನ ದಿನ ಆ ಪತ್ರಿಕೆಯನ್ನು ಸ್ಟೆನ್ಸಿಲ್ ಮೇಲೆ ಬರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದವನು ನಾನೇ. ಮೇಷ್ಟ್ರನ್ನು ಬಿಟ್ಟರೆ ಅದನ್ನು ಓದಿದವನು ನಾನೊಬ್ಬನೇ. ಯಾರ ಕಣ್ಣು ಮೊದಲು ನನ್ನ ಕಡೆ ತಿರುಗುತ್ತದೆ ಎಂಬುದನ್ನು ಬೇರೆ ಹೇಳಬೇಕೆ?

ಅದು ೧೯೬೨ರ ಜನವರಿ. ಆ ವರ್ಷ ಎಸ್.ಎಸ್.ಎಲ್.ಸಿ. ಗಣಿತ ಬಿಗಿಯಾಗುತ್ತದೆ, ಪಠ್ಯದ ಲೆಕ್ಕ ಉರು ಹೊಡೆದರೆ ಸಾಲದು ಎಂದು ಗುಲ್ಲೆದ್ದಿತ್ತು. ಅದಕ್ಕೇ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಸೆಲೆಕ್ಷನ್ ಪರೀಕ್ಷೆ. ಇದರಲ್ಲಿ ಪಾಸಾದವರಿಗೆ ಮಾತ್ರ ಮಾರ್ಚಿನಲ್ಲಿ ಆ ಪರೀಕ್ಷೆಗೆ ಕೂರುವ ಅವಕಾಶ. ಕದ್ದವರಿಗೆ? ಹೆಸರೇ ವಜಾ.

ಹೆಸರು ತೆಗೆಯುವ ಕಾಗದಕ್ಕೆ ಶಾಲಾ ಸಮಿತಿಯ ಶಿವಮಲ್ಲಪ್ಪನವರ ರುಜು ಬೇಕಿತ್ತು. ಸರಸ್ವತಿಪುರದ ಮನೆಯಿಂದ ನಡೆದೇ ಬಂದರು. ಅಳತೆ-ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ಸುಳ್ಳು ಸೇರು, ಸವೆದ ಬಟ್ಟು ಹಿಡಿದ ಆಸಾಮಿ. ಕೊಟ್ಟ ಕಾಗದಕ್ಕೆಲ್ಲ ರುಜು ಹಾಕುವ ಪೈಕಿಯಲ್ಲ.

ಬಾಗಿಲಲ್ಲಿ, ಸುದ್ದಿ ತಿಳಿದು ಓಡಿಬಂದಿದ್ದ ಶಾರದಳ ಅಪ್ಪ, ಜಟಕಾ ಓಡಿಸುವ ಕಾಳಯ್ಯ, ಕೈಕಟ್ಟಿ ನಿಂತಿದ್ದ.

"ನನ್ ಮಗ್ಳು ಕದಿಯೋಳಲ್ಲ ಬುದ್ಧೀ. ಪಾಸಾಗಿ ಟೀಚರ್ ಟ್ರೈನಿಂಗ್ ಸೇರ್ತೀನಿ ಅಂತ ಅಗ್ಲೂ ರಾತ್ರಿ ಓದವ್ಳೆ. ಈಗ ಎಸ್ರು ಒಡ್ದಾಕ್ಬುಟ್ರೆ ಅವಳ ಗತಿ ಏನು?"

"ಸ್ವಲ್ಪ ತಡಿ ಕಾಳಯ್ಯ," ಎಂದರು ಶಿವಮಲ್ಲಪ್ಪನವರು. "ಮೇಡಂ, ಪತ್ರಿಕೆ ಎಲ್ಲಿತ್ತು?"

"ನನ್ನ ಬೀರುವಿನಲ್ಲಿ. ಬೀಗದ ಕೈ ನನ್ನ ಹತ್ತಿರವೇ ಇತ್ತು."

"ಚಿಕ್ಕಣ್ಣ, ನೀವು ಯಾರಿಗಾದರೂ ತೋರಿಸಿದಿರಾ?"

"ದೇವರಾಣೆಗೂ ಇಲ್ಲ ಸಾರ್!" ಎಂದೆ ನಾನು.

"ಈ ಲೆಕ್ಕ ಎಲ್ಲಿಂದ ಬಂತಮ್ಮ?"

ಗೋಡೆಗೊರಗಿ ನಿಂತಿದ್ದ ಶಾರದ ಮುಂದೆ ಬಂದಳು. "ನಮ್ ಲೈಬ್ರರಿಯ ಹಳೇ ಪುಸ್ತಕದಿಂದ ಸಾರ್. ದಸರಾ ರಜದಲ್ಲಿ ಬರ್ಕೊಂಡು ವಾಪಸ್ ಇಟ್ಟೆ."

"ಸುಳ್ಳು!" ನಂಜುಂಡಯ್ಯ ಗುಡುಗಿದರು. "ಅಂಥ ಪುಸ್ತಕವೇ ಇಲ್ಲ. ಐದೂ ಲೆಕ್ಕ ನಾನೇ ತಲೆ ಓಡಿಸಿ ಮಾಡಿದ್ದು."

ನಾನು ಓಡಿಹೋಗಿ ಹುಡುಕಿದೆ. ಪುಸ್ತಕವಿರಲಿಲ್ಲ.

ಶಿವಮಲ್ಲಪ್ಪನವರು ಪತ್ರಿಕೆಯನ್ನೂ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ಓದಿದರು. ಆಮೇಲೆ ಕನ್ನಡಕ ತೆಗೆದರು.

"ಮೇಷ್ಟ್ರೇ, ನಿಮ್ಮ ಎತ್ತರ ಎಷ್ಟು?"

"ನನ್ನದೇ? ಐದೂವರೆ ಅಡಿ ಇರಬಹುದು. ಯಾಕೆ?"

"ಚಿಕ್ಕಣ್ಣ, ಮೂರನೇ ಲೆಕ್ಕ ಓದಿ."

"ಐದೂವರೆ ಮೀಟರ್ ಎತ್ತರದ ಮನುಷ್ಯನೊಬ್ಬ ದೀಪದ ಕಂಬದಿಂದ—" ಓದುವುದನ್ನು ಅಲ್ಲೇ ನಿಲ್ಲಿಸಿದೆ. ನನ್ನ ಕೈಯಾರೆ ಬರೆದಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ!

"ಅಂದರೆ ಹದಿನೆಂಟು ಅಡಿ. ಅಂಥವನು ಹತ್ತಿದರೆ ಕಾಳಯ್ಯನ ಕುದುರೆ ಉಳಿಯುತ್ತದೆಯೇ?"

ಅವರು ನೋಟ್‌ಬುಕ್ ಎತ್ತಿದರು.

"ನೀವೆಲ್ಲ ಉತ್ತರ ಒಂದೇ ಅಂತ ನೋಡಿದಿರಿ. ಅಳತೆ ನೋಡಲಿಲ್ಲ. ಇದರಲ್ಲಿರುವುದು ಐದೂವರೆ ಅಡಿ. ಇದರಲ್ಲಿ ಗ್ಯಾಲನ್ ಇದ್ದಲ್ಲಿ ಪತ್ರಿಕೆಯಲ್ಲಿ ಲೀಟರ್ ಆಗಿದೆ, ಗಜ ಇದ್ದಲ್ಲಿ ಮೀಟರ್. ಕದ್ದವಳು, ಸರ್ಕಾರ ಈಗ ತಂದಿರುವ ಹೊಸ ಅಳತೆ ಅಳಿಸಿ ಹಳೆಯದನ್ನು ಯಾಕೆ ಬರೆಯುತ್ತಾಳೆ? ಹಳೆಯ ಪುಸ್ತಕ ಇದ್ದದ್ದು ನಿಜ. ಅದನ್ನು ಇನ್ನೊಬ್ಬರೂ ತೆರೆದಿದ್ದಾರೆ. ಅಂಕಿ ಹಾಗೇ ಬಿಟ್ಟು, ಅಳತೆಯ ಹೆಸರು ಮಾತ್ರ ಬದಲಾಯಿಸಿದ್ದಾರೆ. ಕದ್ದದ್ದು ಹುಡುಗಿಯಲ್ಲ ಮೇಷ್ಟ್ರೇ, ನೀವು. ಪುಸ್ತಕ ಎಲ್ಲಿ?"

ನಂಜುಂಡಯ್ಯನವರ ಮುಖ ಕಪ್ಪಿಟ್ಟಿತು. ನಿಧಾನವಾಗಿ ತಮ್ಮ ಕೈಚೀಲದಿಂದ ರಟ್ಟು ಕಿತ್ತ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಕಷ್ಟದ ಲೆಕ್ಕ ಮಾಡಿ ಅಂತೀರಿ. ಹೊಸ ಪಾಠ ನನಗೇ ಸರಿಯಾಗಿ ಬರೋಲ್ಲ ಸಾರ್. ಈ ನೋಟ್‌ಬುಕ್ ಕಂಡಾಗ ನನ್ನ ಗುಟ್ಟು ರಟ್ಟಾಯ್ತು ಅಂತ ಹೆದರಿಬಿಟ್ಟೆ. ಅದಕ್ಕೇ ತಪ್ಪು ಅವಳ ಮೇಲೆ ಹೊರಿಸಿದೆ."

ವಸಂತಮ್ಮನವರು ಹೆಸರು ತೆಗೆಯುವ ಕಾಗದವನ್ನು ಹರಿದು ಹಾಕಿದರು. "ಸೋಮವಾರ ಹೊಸ ಪರೀಕ್ಷೆ. ಪತ್ರಿಕೆ ನಾನೇ ತೆಗೆಯುತ್ತೇನೆ. ಮೇಷ್ಟ್ರೇ, ಮೊದಲು ಆ ಹುಡುಗಿಯ ಹತ್ತಿರ ತಪ್ಪಾಯಿತು ಅನ್ನಿ."

ಕಾಳಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. "ಬದುಕ್ದೆ ಕಣವ್ವ," ಎಂದು ಮಗಳ ತಲೆ ಸವರಿದ. ನಾನೂ ನಿಟ್ಟುಸಿರು ಬಿಟ್ಟೆ. ನನ್ನ ನೌಕರಿಯೂ ಉಳಿದಿತ್ತಲ್ಲ!

"ತಪ್ಪಾಯ್ತಮ್ಮ," ಎಂದರು ನಂಜುಂಡಯ್ಯ, ತಲೆಯೆತ್ತದೆ. "ಆ ಪುಸ್ತಕದ ಕೊನೇ ಲೆಕ್ಕವನ್ನೂ ಪತ್ರಿಕೆಗೆ ಹಾಕೋಣ ಅಂದ್ಕೊಂಡಿದ್ದೆ. ಮೂರು ದಿನ ಕೂತರೂ ಬಿಡಿಸೋಕಾಗಲಿಲ್ಲ. ಬಿಟ್ಟುಬಿಟ್ಟೆ."

ಶಾರದ ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುವಿದಳು.

"ಅದು ನನಗೆ ಬಂತು ಸಾರ್. ತೋರಿಸ್ಲಾ?"

ನಂಜುಂಡಯ್ಯ ಅವಳನ್ನೇ ನೋಡಿದರು. ಆಮೇಲೆ ಗೋಡೆ ಬದಿಯ ಬೆಂಚಿನಲ್ಲಿ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾಮ್ಮ, ಕೂತ್ಕೋ. ನಿಧಾನವಾಗಿ ಹೇಳು."