ಕಪಾಟಿನಿಂದ ಕಾಣೆಯಾದ ದಿಬ್ಬ

ಫಟೀರ್!

ಪಿಸುಮಾತಾಡಿದರೂ ಕೆಂಗಣ್ಣು ಬಿಡುವ, ಗ್ರಂಥಾಲಯದ ಪರಾಮರ್ಶನ ಕೋಣೆ ಅದು. ಅಂಥ ಕಡೆ ಕಪಾಳಕ್ಕೆ ಬಿದ್ದ ಏಟಿನ ಸದ್ದಿಗೆ ಓದುತ್ತಿದ್ದವರೆಲ್ಲ ತಲೆಯೆತ್ತಿದರು.

ಹೊಡೆದವಳು ಅವಳು. ಹೊಡೆಸಿಕೊಂಡವನು ಯಾರೆಂದು ಅವಳಿಗೇ ಗೊತ್ತಿರಲಿಲ್ಲ. ಎತ್ತರದ ಆಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಬಲಗೈಯಲ್ಲಿ ಬ್ಲೇಡು. ಮುಂದೆ ತೆರೆದುಕೊಂಡಿದ್ದದ್ದು ಊರಾಚೆಯ ದಿಬ್ಬದ ಉತ್ಖನನ ವರದಿ!

"ನಾಚಿಕೆ ಆಗಲ್ವಾ ನಿಮಗೆ? ಚಿತ್ರದ ಹಾಳೆ ಕತ್ತರಿಸ್ತಿದ್ದೀರಲ್ಲ!"

ಅವನು ಕೆನ್ನೆ ಸವರಿಕೊಂಡ. ತುಟಿಯಂಚಿನಲ್ಲಿ ರಕ್ತ ಜಿನುಗಿತ್ತು.

"ಮೇಡಂ, ತೇವಕ್ಕೆ ಎರಡು ಹಾಳೆ ಅಂಟ್ಕೊಂಡಿವೆ. ಬಿಡಿಸ್ತಿದ್ದೆ ಅಷ್ಟೇ. ನೀವೇ ನೋಡಿ."

ನೋಡಿದಳು. ನಿಜ. ನುಣುಪಾದ ಎರಡೂ ಹಾಳೆಗಳು ಒಂದು ಗೀರೂ ಇಲ್ಲದೆ ಬಿಡಿಸಿಕೊಂಡಿದ್ದವು.

ಕ್ಷಮಿಸಿ ಅನ್ನಬೇಕಿತ್ತು... ಸೋಲೊಪ್ಪಿಕೊಳ್ಳುವ ಜಾಯಮಾನವೇ ಅವಳದಲ್ಲ.

"ಬ್ಲೇಡ್ ಹಿಡ್ಕೊಂಡು ಕೂತ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ," ಎಂದು ಗೊಣಗಿ ತನ್ನ ಮೇಜಿಗೆ ಹೋಗಿ ಕೂತಳು.

ಅವಳ ಸೋದರಮಾವನೇ ಅಲ್ಲಿಯ ಗ್ರಂಥಪಾಲಕರು. ಅವರು ಬಂದು ಉರಿಯುವ ಗಾಯಕ್ಕೆ ಉಪ್ಪು ಸವರಿದರು.

"ಅವನೂ ನಿನ್ನ ಹಾಗೆ ದಿಬ್ಬ ಅಗೆಯೋ ಕೆಲಸಕ್ಕೇ ಅರ್ಜಿ ಹಾಕಿದ್ದಾನಂತೆ ಪುಟ್ಟಿ. ಇರೋದು ಒಂದೇ ಹುದ್ದೆ, ಓದೋಕೆ ಒಂದೇ ಪುಸ್ತಕ. ಕಿತ್ತಾಡಿ ಇನ್ನು!"

ಪ್ರಾಚೀನ ನಾಗರಿಕತೆಗಳ ಮೇಲಿನ ದಪ್ಪ ದಪ್ಪ ಪುಸ್ತಕಗಳು ಅಲ್ಲಿ ಕಪಾಟುಗಟ್ಟಲೆ ಇದ್ದವು. ಆದರೆ ಊರಾಚೆಯ ದಿಬ್ಬವನ್ನು ಅಗೆದವರು ಪದರ ಪದರವಾಗಿ ಕಂಡದ್ದೇನೆಂದು ಹೇಳುವ ವರದಿ ಉಳಿದಿದ್ದದ್ದು ಅದೊಂದೇ. ಸಂದರ್ಶನದಲ್ಲಿ ಕೇಳುವುದೆಲ್ಲ ಅದರಿಂದಲೇ. ಮನೆಗೆ ಒಯ್ಯಲು ಯಾರಿಗೂ ಅನುಮತಿಯಿಲ್ಲ.

ಒಯ್ಯುವಂತಿಲ್ಲ, ಸರಿ. ಬಚ್ಚಿಡಬಹುದಲ್ಲ!

ಜಾನುವಾರು ರೋಗಗಳ ಸಾಲಿನ ಹಿಂದೆ ಅದನ್ನು ತುರುಕಿಬಿಟ್ಟಳು. ಆ ಕಡೆ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ.

ಭೂತಗನ್ನಡಿ, ಅವನಿಗೆ ಅವಳು ಇಟ್ಟ ಹೆಸರೇ ಅದು, ದಿನಾ ಬಂದು ಅವಳ ಮೇಜಿನ ಮುಂದೆ ನಿಲ್ಲತೊಡಗಿದ.

"ಮೇಡಂ, ದಿಬ್ಬದ ವರದಿ ಇವತ್ತೂ ಕಾಣ್ತಿಲ್ಲ. ನೀವೇನಾದ್ರೂ..."

"ಕಾಲು ಬಂದು ಎದ್ದು ಹೋಗಿರಬೇಕು."

"ಯಾವ ಕಡೆ ಹೋಗಿರಬಹುದು?"

"ಕೊರಳಲ್ಲೇ ನೇತಾಡ್ತಿದೆಯಲ್ಲ ಗಾಜು, ಹಿಡ್ಕೊಂಡು ಹುಡುಕಿ!"

ಅವನು ನಕ್ಕು ಅಲ್ಲೇ ಕೂತುಬಿಡುತ್ತಿದ್ದ. ಮಡಕೆ ಚೂರುಗಳಿಂದ ಶುರುವಾದ ಮಾತು ಮಾವನ ಗೊರಕೆಯವರೆಗೂ ಬರುತ್ತಿತ್ತು. ಅವನು ಎದ್ದು ಹೋದ ಮೇಲೆ ಕೋಣೆಯೆಲ್ಲ ಭಣಭಣ.

'ಎದುರಾಳಿ ಕಣೇ ಅವನು! ನಿನಗೇನಾಗಿದೆ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮರುದಿನ ಅವನು ಬರುವುದು ತುಸು ತಡವಾದರೂ ಕಣ್ಣು ಬಾಗಿಲಲ್ಲೇ ಇರುತ್ತಿತ್ತು.

ಸಂದರ್ಶನದ ಹಿಂದಿನ ದಿನ, ನಡುಮಧ್ಯಾಹ್ನ, ಆ ಬಾಗಿಲು ಧಡಾರನೆ ಗೋಡೆಗೆ ಬಡಿಯಿತು.

ಮೂವರು ಗಂಡಸರು ಒಳನುಗ್ಗಿದರು. ಇಬ್ಬರ ಕೈಯಲ್ಲಿ ಕಬ್ಬಿಣದ ರಾಡು, ಒಬ್ಬನ ಕೈಯಲ್ಲಿ ಪೆಟ್ರೋಲ್ ಕ್ಯಾನು. ದಿಬ್ಬವನ್ನು ನೆಲಸಮ ಮಾಡಿ ಕಟ್ಟಡ ಎಬ್ಬಿಸಲು ಹೊರಟಿದ್ದ ಕಂಟ್ರಾಕ್ಟರನ ಆಳುಗಳು. ಅಲ್ಲೊಂದು ಹಳೆಯ ಊರು ಹೂತಿದೆ ಎನ್ನಲು ಆ ವರದಿ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ.

"ದಿಬ್ಬದ ಪುಸ್ತಕ ಎಲ್ಲಿ?"

ಓದುತ್ತಿದ್ದವರು ಎದ್ದು ದಿಕ್ಕಾಪಾಲಾಗಿ ಓಡಿದರು. "ಏಯ್, ಇದು ಓದೋ ಜಾಗ..." ಎಂದು ಅಡ್ಡ ಬಂದ ಮಾವನ ಭುಜಕ್ಕೆ ರಾಡು ಬಿತ್ತು. ಅವರು ಕುಸಿದರು. ಅವರ ಕನ್ನಡಕ ಬೂಟಿನ ಕೆಳಗೆ ಪುಡಿಯಾಯಿತು.

"ಮಾವಾ!"

ಕಪಾಟಿನ ಗಾಜು ಒಡೆಯಿತು. ಪುಸ್ತಕಗಳು ದಪದಪ ಬಿದ್ದವು. ವರದಿ ಇರಬೇಕಾದ ಜಾಗ ಖಾಲಿ! ಕ್ಯಾನು ಹಿಡಿದವನು ಅವಳ ಜುಟ್ಟು ಹಿಡಿದು ಎಳೆದ.

"ನೀನು ದಿನಾ ಇಲ್ಲೇ ಸಾಯ್ತೀಯಲ್ಲ, ಬೊಗಳು!"

"ಅವರನ್ನ ಬಿಡು," ಹಿಂದಿನಿಂದ ದನಿ ಬಂತು. ಭೂತಗನ್ನಡಿ! "ಪುಸ್ತಕ ಎತ್ತಿಟ್ಟಿದ್ದು ನಾನು."

ಅವಳು ಕತ್ತು ಹೊರಳಿಸಿದಳು. 'ಇವನಿಗೇನು ಹುಚ್ಚಾ? ಎಲ್ಲಿದೆ ಅಂತಾನೇ ಗೊತ್ತಿಲ್ಲವಲ್ಲ!'

"ಎಲ್ಲಿಟ್ಟಿದ್ದೀಯ?"

"ಹೇಳಲ್ಲ."

ಮೊದಲ ಏಟು ಪಕ್ಕೆಗೆ. ಎರಡನೆಯದು ಮೊಣಕಾಲಿಗೆ. ಮೂರನೆಯದು ಹಣೆಯನ್ನು ಸೀಳಿತು. ಅವನನ್ನು ಮಂಡಿಯೂರಿಸಿ, ಬಲಗೈಯನ್ನು ಮೇಜಿನ ಮೇಲೆ ಚಾಚಿ ಒತ್ತಿ ಹಿಡಿದರು. ರಾಡು ಇಳಿಯಿತು. ಬೆರಳು ಮುರಿದ ಸದ್ದು ಅವಳಿಗೆ ಕೇಳಿಸಿತು. ಅವನ ಚೀರಾಟಕ್ಕೆ ಕಿಟಕಿಯ ಗಾಜು ಅದುರಿತು.

"ಈಗ ಹೇಳ್ತೀಯಾ?"

ಅವನು ರಕ್ತ ಉಗುಳಿದ. ತಲೆ ಅಲ್ಲಾಡಿಸಿದ.

"ತಲೆ ಒಡೀರೋ ಇವನದು!"

ರಾಡು ಮೇಲೆದ್ದಿತು...

"ಜಾನುವಾರು ರೋಗ!" ಅವಳು ಕಿರುಚಿದಳು. "ಕೊನೇ ಸಾಲು, ಪುಸ್ತಕಗಳ ಹಿಂದೆ! ತಗೊಂಡು ಹಾಳಾಗಿ ಹೋಗಿ! ಅವರನ್ನ ಬಿಟ್ಬಿಡಿ!"

"ಬೇಡ... ಹೇಳ್ಬೇಡಿ..." ಅವನು ತೊದಲಿದ.

ಅವರು ವರದಿಯನ್ನು ನೆಲಕ್ಕೆಸೆದು ಪೆಟ್ರೋಲ್ ಸುರಿದರು. ಭಗ್ಗೆಂದು ಹತ್ತಿಕೊಂಡಿತು. ಅವಳ ಕೆಲಸ, ಅವಳ ಓದು ಎಲ್ಲವೂ ಎರಡು ಮಾರು ದೂರದಲ್ಲಿ ಉರಿಯುತ್ತಿತ್ತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ಗಾಯವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ರಕ್ತ ಬೆರಳ ಸಂದಿಯಿಂದ ಇಳಿಯುತ್ತಲೇ ಇತ್ತು.

ಅವರು ಹೋದರು. ಮಾವ ಒಂದೇ ಕೈಯಲ್ಲಿ ಮರಳಿನ ಬಕೆಟ್ ಎಳೆತಂದು ಬೆಂಕಿಗೆ ಸುರಿದು, ಆಂಬುಲೆನ್ಸಿಗೆ ಫೋನ್ ಮಾಡಲು ತಡವರಿಸುತ್ತ ಹೊರಗೆ ಓಡಿದರು.

"ಯಾಕೆ ಹೇಳಿದ್ರಿ?" ಅವನ ದನಿಯಲ್ಲಿ ಸಿಟ್ಟಿತ್ತು. "ಇನ್ನೆರಡು ಏಟು ತಡ್ಕೊಳ್ತಿದ್ದೆ. ಎಲ್ಲಾ ಹೋಯ್ತಲ್ಲ!"

"ಬಚ್ಚಿಟ್ಟಿದ್ದು ನಾನು. ಏನೂ ಗೊತ್ತಿಲ್ದೆ ಏಟು ತಿಂದಿದ್ದು ನೀವು..."

"ಗೊತ್ತಿತ್ತು."

"ಏನು?"

"ನೀವು ಇಟ್ಟ ಮಾರನೇ ದಿನಾನೇ ಸಿಕ್ಕಿತ್ತು. ನೀವು ಬರೋಕೆ ಮುಂಚೆ ಬಂದು ಓದಿ, ಮತ್ತೆ ಅಲ್ಲೇ ಇಡ್ತಿದ್ದೆ."

"ಮತ್ತೆ ದಿನಾ ಬಂದು ನನ್ನನ್ನ ಕೇಳ್ತಿದ್ದಿದ್ದು?"

"ಕೇಳದಿದ್ರೆ ನೀವು ನನ್ನನ್ನ ಮಾತಾಡಿಸ್ತಿದ್ರಾ?"

ಅವಳಿಗೆ ನಗು, ಅಳು ಒಟ್ಟೊಟ್ಟಿಗೆ ಉಕ್ಕಿತು. ಆಮೇಲೆ ಕೋಪ!

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ? ಸತ್ತೇ ಹೋಗಿದ್ರೆ?"

"ಪುಸ್ತಕ ಉಳೀತಿತ್ತು."

"ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ದಿಬ್ಬ ಇನ್ನೂ ಅಲ್ಲೇ ಇದೆ. ಯಂತ್ರ ಬಂದ್ರೆ ಅಡ್ಡ ಮಲಗ್ತೀನಿ, ಮತ್ತೆ ಅಗೀತೀನಿ, ಇನ್ನೊಂದು ವರದಿ ಬರೀತೀನಿ. ಸತ್ತವರ ಎಲುಬು ನೋಡಿ ಅವರು ಹೇಗೆ ನಗ್ತಿದ್ರೋ ಅಂತ ಊಹಿಸೋದು ನಮ್ಮ ಕೆಲಸ, ಒಪ್ತೀನಿ. ಆದ್ರೆ ನಿಮ್ಮ ನಗೂನ ಹಾಗೆ ಊಹಿಸ್ಕೊಂಡು ಬದುಕೋಕೆ ನನ್ನಿಂದಾಗಲ್ಲ!"

ಅವನ ಕಣ್ಣಂಚಿನಿಂದ ಇಳಿದ ನೀರು ರಕ್ತದ ಜೊತೆ ಬೆರೆತು ಅವಳ ತೊಡೆಗೆ ತಾಗಿತು. ರೆಪ್ಪೆಗಳು ಭಾರವಾಗತೊಡಗಿದವು.

"ಏಯ್... ನೋಡಿ ಇಲ್ಲಿ! ಮಾತಾಡಿ!"

"ಮೇಡಂ..."

"ಇನ್ನೂ ಮೇಡಂ ಅಂತೀರಾ?"

"ಮತ್ತೆ... ಏನಂತ ಕರೀಲಿ?"

ಅವಳು ಬಾಗಿ ಹಣೆಗೆ ಹಣೆ ತಾಗಿಸಿದಳು.

"ಏನಾದ್ರೂ ಕರೀರಿ. ಕರೀತಾ ಇರಿ, ಅಷ್ಟು ಸಾಕು. ಕಣ್ಣು ಮಾತ್ರ ಮುಚ್ಬೇಡಿ."

"ನೀವಿಷ್ಟು ಹತ್ರ ಇರುವಾಗ... ಯಾರು ಮುಚ್ತಾರೆ?"