ಮುಚ್ಚಿದ ಕಣ್ಣಿನೊಳಗಿನ ಬೆಳಕು

"ಕತ್ತಲೆರಾಯ ಅಂದ್ರೆ ನೀವೇನಾ?"

ಕಿಟಕಿಯಿಲ್ಲದ ಆ ಕೋಣೆಗೆ ಅವಳು ನುಗ್ಗಿದ ರಭಸಕ್ಕೆ ಅವನು ಬೆಚ್ಚಿ ತಿರುಗಿದ.

"ಆಫೀಸಿನವರು ಇಟ್ಟ ಹೆಸರು... ಕತ್ತಲೆ ಚಿತ್ರ ತೆಗೆಯೋನು ನಾನೇ."

"ಹಾಗಾದ್ರೆ ನನ್ನ ನಕ್ಷತ್ರ ನುಂಗಿದ್ದೂ ನೀವೇ!"

ಬಾಹ್ಯಾಕಾಶದ ದೂರದರ್ಶಕ ಕಳಿಸಿದ ಚಿತ್ರಗಳನ್ನು ಅವಳು ಪರದೆಯ ಮೇಲೆ ಹರಡಿದಳು. ಆಕಾಶದ ಬೇರೆ ಬೇರೆ ಮೂಲೆಗಳು. ಎಲ್ಲದರ ನಡುವೆಯೂ ಅದೇ ಕಪ್ಪು ಗುಂಡಿ! ರೆಪ್ಪೆ ಬಡಿಯದೆ ಯಾರೋ ದಿಟ್ಟಿಸುತ್ತಿರುವ ಹಾಗೆ...

ಅವಳ ಮಸುಕು ನಕ್ಷತ್ರ ಇರಬೇಕಾದದ್ದು ಅಲ್ಲೇ. ಸಂಜೆಯೊಳಗೆ ಅದನ್ನು ಮೇಲಿನವರಿಗೆ ತೋರಿಸದಿದ್ದರೆ ವರ್ಷಗಳ ಹುಡುಕಾಟ ಅಲ್ಲಿಗೆ ಮುಗಿದಂತೆ.

ಪಾತ್ರೆಯ ತೂಕ ಕಳೆದು ಹಾಲಿನ ತೂಕ ತಿಳಿಯುವಂತೆ, ಪ್ರತಿ ಚಿತ್ರದಿಂದಲೂ ಕತ್ತಲೆ ಚಿತ್ರವನ್ನು ಕಳೆಯಬೇಕು. ದೂರದರ್ಶಕದ ಕಣ್ಣು ಮುಚ್ಚಿ ತೆಗೆದ ಚಿತ್ರವದು. ಉಪಕರಣದ ಸ್ವಂತ ಗೊಣಗಾಟ ಬಿಟ್ಟರೆ ಅದರಲ್ಲಿ ಬೇರೇನೂ ಇರಬಾರದು.

ಅವನು ಅದನ್ನು ತೆರೆದ.

ಮುಚ್ಚಿದ ಕಣ್ಣಿನೊಳಗೆ ಬಿಳಿಚಿದ ಬೆಳಕೊಂದು ಕೂತಿತ್ತು!

"ಯಾರದು...?" ಅವಳಿಗೇ ಅರಿವಿಲ್ಲದೆ ಮಾತು ಹೊರಬಿತ್ತು.

ಅವನ ಮುಖ ಬಾಡಿತು. 'ಏನೋ ಮುಚ್ಚಿಡ್ತಿದ್ದಾನೆ!' ಅಂದುಕೊಂಡಳು.

"ತಪ್ಪು ನನ್ನದೇ. ಈ ಬೆಳಕನ್ನೂ ಕಳೆದದ್ದಕ್ಕೇ ಆ ಗುಂಡಿ. ಈ ಚಿತ್ರಕ್ಕೆ ಮುಂಚೆ ದೂರದರ್ಶಕ ಒಂದು ಪ್ರಖರ ನಕ್ಷತ್ರ ನೋಡಿತ್ತು. ಬೆಳಕು ಹಿಡಿಯೋ ಡಿಟೆಕ್ಟರ್ ತಾನು ಕಂಡದ್ದನ್ನ ಕೂಡಲೇ ಮರೆಯಲ್ಲ. ಮರೆಯೋವರೆಗೂ ಕಾಯ್ಬೇಕಿತ್ತು. ಕಾಯೋ ಆದೇಶ ಸೇರಿಸದೇನೇ ದೂರದರ್ಶಕಕ್ಕೆ ಪಟ್ಟಿ ಕಳಿಸಿ ಎದ್ದು ಓಡಿದೆ."

"ಅಂಥಾ ತಲೆ ಹೋಗೋ ಕೆಲಸ ಏನಿತ್ತು?"

"ಲಿಫ್ಟ್ ಕೆಟ್ಟು ಒಳಗೆ ಯಾರೋ ಅಳ್ತಿದ್ರು... ಬಾಗಿಲಿಗೆ ಬಾಯಿಟ್ಟು ಹೇಳ್ತಾನೇ ಇದ್ದೆ, 'ಹೆದರ್ಬೇಡಿ, ಕತ್ತಲೆ ಕಚ್ಚಲ್ಲ, ನನಗೆ ದಿನಾ ಅಭ್ಯಾಸ' ಅಂತ."

ಅವಳು ಕುರ್ಚಿ ಎಳೆದು ಅವನೆದುರು ಕೂತಳು. ದೀಪವೂ ಆರಿದ್ದ ಆ ಕಬ್ಬಿಣದ ಪೆಟ್ಟಿಗೆ... ಆಚೆಯಿಂದ ಬರುತ್ತಿದ್ದ ಆ ದನಿ... ಬಾಗಿಲು ತೆರೆದಾಗ ಅವಳ ಕಣ್ಣು ಹುಡುಕಿದವನು ಅಲ್ಲಿರಲಿಲ್ಲ. "ಭ್ರಮೆ ಕಣೇ" ಎಂದು ಮನೆಯಲ್ಲಿ ಅಮ್ಮ ಗದರಿದ್ದರು. ಆದರೂ ಆ ಮಾತು ಕಿವಿಯಲ್ಲೇ ಉಳಿದಿತ್ತು!

"ಒಳಗಿದ್ದೋಳು ನಾನೇ! ದೆವ್ವದ ಹಾಗೆ ಮಾಯವಾದ್ರಲ್ಲ, ಯಾಕೆ?"

"ರಿಪೇರಿಯವರು ಬಂದ್ರು... ಅತ್ತು ಹೊರಬರೋರ ಮುಖ ಅಪರಿಚಿತರು ನೋಡಬಾರ್ದು ಅನ್ನಿಸ್ತು."

ಅವನು ಆ ಬೆಳಕಿಲ್ಲದ ಹಳೆಯ ಕತ್ತಲೆ ಚಿತ್ರ ಹಾಕಿ ಮತ್ತೆ ಕಳೆದ. ಗುಂಡಿ ಮಾಯವಾಗಿ, ಅದೇ ಜಾಗದಲ್ಲಿ ಸಾಸಿವೆಯಷ್ಟು ಬೆಳಕು ಕಣ್ಣು ಬಿಟ್ಟಿತು. ಅವಳ ನಕ್ಷತ್ರ!

"ಡಿಟೆಕ್ಟರ್ ಈಗ ಮರೆತಿರುತ್ತಾ?"

"ಯಾವಾಗಲೋ ಮರೆತಾಯ್ತು."

"ನೀವು?"

"ಕಣ್ಣು ಮುಚ್ಚಿದ್ರೆ ಸಾಕು, ನಿಮ್ಮ ದನಿ ಕೇಳುತ್ತೆ..."

ಅವಳು ದೀಪ ಆರಿಸಿದಳು. ಪರದೆಯ ಮೇಲಿನ ಆ ಪುಟ್ಟ ಬೆಳಕಷ್ಟೇ ಉಳಿಯಿತು.

"ಅಯ್ಯೋ, ನಿಮಗೆ ಭಯ ಅಲ್ವಾ?"

"ಮಾತಾಡ್ತಾನೇ ಇರಿ." ಕತ್ತಲಲ್ಲಿ ಅವಳ ಕೈ ಅವನ ಕೈಯನ್ನು ಹುಡುಕಿತು. "ಈ ಸಲ ಬಾಗಿಲು ತೆಗೆದಾಗ ಹೋಗಿಬಿಡಬೇಡಿ."

"ಹೋಗಲ್ಲ ಕಣ್ರೀ... ಇಲ್ಲೇ ಇರ್ತೀನಿ."