ಬಿಳಿ ಗೋಡೆಯ ಹಸಿರು ಸೀರೆ

ಈ ಕತೆಯನ್ನು ನಾನು ಹೇಳಬಹುದೋ ಬಾರದೋ ಎಂದು ಬಹಳ ದಿನ ಅಳುಕಿದ್ದೇನೆ. ಕದ್ದವರ ಮನಸ್ಸಿನೊಳಗೆ ಹೊಕ್ಕು ಮಾತಾಡುವಷ್ಟು ತಿಳಿವಳಿಕೆ ನನ್ನದಲ್ಲ. ಎಲ್ಲಿಯಾದರೂ ತಪ್ಪಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಚೇತನಾ ಕದಿಯಹೊರಟದ್ದು ತನ್ನ ತಾಯಿಯ ಸೀರೆಯನ್ನೇ. ಅದು ಬಾಗಲಕೋಟೆಯ ನವನಗರದಲ್ಲಿ, ಅವಳೇ ಒಳಾಂಗಣ ವಿನ್ಯಾಸ ಮಾಡಿದ ಮನೆಯ ಗೋಡೆಯಲ್ಲಿ, ಗಾಜಿನ ಹಿಂದೆ ಇತ್ತು.

ಗ್ರಾನೈಟ್ ವ್ಯಾಪಾರಿ ಬೀರೇಶನ ಮನೆ ಅದು. ಬೇರೆಯವರು ಮನೆಯಲ್ಲಿ ಏನೇನು ತುಂಬುತ್ತಾರೋ ಅದನ್ನೆಲ್ಲ ಚೇತನಾ ಅಲ್ಲಿ ಬೇಡವೆಂದಿದ್ದಳು. ಶೋಕೇಸಿಲ್ಲ, ಛಾವಣಿಗೆ ಹೂಬಳ್ಳಿ ಇಲ್ಲ, ಟಿವಿಯ ಸುತ್ತ ಬಣ್ಣದ ದೀಪಗಳಿಲ್ಲ. ಕಪಾಟುಗಳಿಗೆ ಹಿಡಿಕೆ ಕೂಡ ಇಲ್ಲ, ಒತ್ತಿದರೆ ತೆರೆಯುತ್ತವೆ. ಸುಣ್ಣದ ಬಿಳಿ ಗೋಡೆ, ಬೂದು ನೆಲ, ಉತ್ತರದ ಕಿಟಕಿಯ ತಣ್ಣನೆಯ ಬೆಳಕು. ಗೃಹಪ್ರವೇಶಕ್ಕೆ ಎರಡು ದಿನ ಇದ್ದಾಗ ಬೀರೇಶನ ಹೆಂಡತಿ ಜಯಶ್ರೀ ನಡುಮನೆಯಲ್ಲಿ ನಿಂತು, "ಇದು ಮನಿ ಅಲ್ಲವ್ವಾ, ದವಾಖಾನಿ" ಎಂದು ಅತ್ತುಬಿಟ್ಟಳು.

ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿಕೊಂಡ ಚೇತನಾಗೆ ಅದು ಮೊದಲ ದೊಡ್ಡ ಕೆಲಸ. ಗಾಬರಿಯಲ್ಲಿ ಇಳಕಲ್ಲಿಗೆ ಓಡಿ, ತಾಯಿಯ ಟ್ರಂಕಿನಿಂದ ಹಸಿರು ಸೀರೆ ತಂದು, ನಾಲ್ಕು ದಿನದ ಮಟ್ಟಿಗೆಂದು ಗೋಡೆಯ ಗೂಡಿನಲ್ಲಿ ಗಾಜಿನ ಹಿಂದೆ ಮಡಿಸಿ ಇಟ್ಟಳು. ಕೆಂಪು ಸೆರಗಿನಲ್ಲಿ ಸಾಲಾಗಿ ನೇಯ್ದ ಬಿಳಿ ತೆನೆಗಳು ಆ ಗೋಡೆಯ ಮೇಲೆ ಕಂಡದ್ದೇ ಇಡೀ ಮನೆಗೆ ಜೀವ ಬಂತು. ಚೇತನಾಳ ತಾಯಿ ನೇಯ್ದದ್ದೆಂದು ಕೇಳಿ ಜಯಶ್ರೀ ಕಣ್ಣೊರೆಸಿಕೊಂಡಳು. ಇದು ಇಲ್ಲೇ ಇರಲಿ ಎಂದಳು, ಚೇತನಾಳ ಉಡಿ ತುಂಬಿದಳು. ಬೇಡವೆನ್ನಲಾಗದೆ ಚೇತನಾ ಸೀರೆಯನ್ನು ಅಲ್ಲೇ ಬಿಟ್ಟು ಬಂದಳು.

ತಾಯಿ ಯಮನವ್ವ ಆ ಸೀರೆಯನ್ನು ಒಂದು ವರ್ಷ, ಪರರ ಸೀರೆಗಳ ನಡುವೆ ಬಿಡುವು ಮಾಡಿಕೊಂಡು, ಉಳಿದ ರೇಷ್ಮೆಯಲ್ಲಿ ನೇಯ್ದಿದ್ದಳು. ತಾನು ಸತ್ತಾಗ ಉಡಿಸಲೆಂದು. ಈಗ ಮೂತ್ರಪಿಂಡ ಕೈಕೊಟ್ಟು ಹಾಸಿಗೆ ಹಿಡಿದಿದ್ದಳು.

"ಚೇತೂ, ನನ್ನ ಸೀರಿ ಎಲ್ಲೈತಿ?"

"ಟ್ರಂಕಿನ್ಯಾಗ ಐತಿ ಬೇ."

"ಬೇವಿನ ತಪ್ಪಲ ಹಾಕಿಯೇನು? ಹುಳ ಹತ್ತೀತು."

"ಹಾಕೇನಿ."

"ನಿಮ್ಮಪ್ಪ ಇರೂದ್ರಾಗ ಮುತ್ತೈದಿಯಾಗಿ ಹೊಕ್ಕೇನಿ, ಹಸರ ಉಟಗೊಂಡು ಹೊಕ್ಕೇನಿ. ಅಂಗಡ್ಯಾಗಿಂದು ತಂದು ಸುತ್ತಿದ್ರ ಎದ್ದ ಕುಂಡ್ರತೇನಿ, ನೋಡ."

ಮಗ್ಗದ ಕುಣಿಯಿಂದ ಅಪ್ಪ ಅಮೀನಪ್ಪ, "ಎದ್ದರ ಚಲೋನ ಆತು. ಕಂಡಿಕಿಗೆ ನೂಲು ಸುತ್ತಾಕ ಯಾರೂ ಇಲ್ಲ" ಎನ್ನುತ್ತಿದ್ದ. ಯಮನವ್ವ ನಗುತ್ತಿದ್ದಳು. ಚೇತನಾ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು.

ಜಯಶ್ರೀಯನ್ನು ಒಮ್ಮೆ ಕೇಳಿಯೂ ನೋಡಿದಳು. "ಅಕ್ಕಾರ, ಆ ಸೀರಿ ಬದಲಿ ಇನ್ನೊಂದು ಚಂದನ್ನದು ತಂದು ಇಡತೇನ್ರಿ."

"ಬ್ಯಾರೇದು ಬ್ಯಾಡವ್ವಾ, ಅದ ಇರಲಿ. ಮನಿಗೆಲ್ಲಾ ಒಂದ ಕಡೆ ಬಣ್ಣ ಇರಬೇಕು ಅಂದಾಕಿ ನೀನ. ಅದನ್ನೂ ಒಯ್ದರ ನಾ ಏನು ಗೋಡಿ ಎಣಿಸಿಕೋಂತ ಕುಂಡ್ರಲೇನು?" ಜಯಶ್ರೀ ನಕ್ಕು ಚಹಾ ಕೊಟ್ಟಳು.

ನಿಜ ಹೇಳುವುದು ಸಾಧ್ಯವಿರಲಿಲ್ಲ. ಹೆಣಕ್ಕೆಂದು ತೆಗೆದಿಟ್ಟ ಬಟ್ಟೆಯನ್ನು ಹೊಸ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಗೋಡೆಗೆ ಏರಿಸಿದ್ದಳು ಅವಳು. ತಿಳಿದರೆ ಆ ಮನೆಯವರಿಗೆ ಅಲ್ಲಿ ನಿದ್ದೆ ಹತ್ತುತ್ತಿರಲಿಲ್ಲ, ಅವಳನ್ನು ಜಿಲ್ಲೆಯಲ್ಲಿ ಯಾರೂ ಹೊಸಿಲು ದಾಟಿಸುತ್ತಿರಲಿಲ್ಲ. ಇತ್ತ ತಾಯಿಗೆ ಉಳಿದದ್ದು ಒಂದು ತಿಂಗಳೋ ಎರಡೋ. ಕದಿಯುವುದೊಂದೇ ಯಾರನ್ನೂ ನೋಯಿಸದ ದಾರಿಯಾಗಿ ಅವಳಿಗೆ ಕಂಡಿತು.

ಯೋಜನೆಯನ್ನು ಅವಳು ಮನೆಯ ನಕ್ಷೆಯಂತೆಯೇ ಹಾಕಿದಳು. ಪೂರ್ತಿ ಸೀರೆ ನೇಯಲು ದಿನ ಸಾಲದು, ಅದರ ಅಗತ್ಯವೂ ಇಲ್ಲ. ಗಾಜಿನ ಹಿಂದೆ ಕಾಣುವುದು ಸೆರಗು, ದಡಿ, ಮೊಳದಷ್ಟು ಹಸಿರು ಮೈ. ಅಷ್ಟು ನೇಯ್ದರೆ ಸಾಕು. ಉಳಿದ ದಪ್ಪಕ್ಕೆ ಹಿಂದೆ ಕೋರಾ ಬಟ್ಟೆ ಮಡಿಸಿ ತುಂಬಬಹುದು. ತಾಯಿ ನಿದ್ದೆ ಹೋದ ಮಧ್ಯಾಹ್ನಗಳಲ್ಲಿ ಅಪ್ಪನ ಮಗ್ಗಕ್ಕೆ ಕೂತಳು. ಗಿರಾಕಿಗೆ ಮಾದರಿ ತೋರಿಸಬೇಕು ಎಂದಳು, ಅಪ್ಪ ಹೆಚ್ಚೇನೂ ವಿಚಾರಿಸಲಿಲ್ಲ. ಸೆರಗಿನ ಮೂರನೆಯ ತೆನೆಯಲ್ಲಿ ತಾಯಿಯ ಕೈ ನಡುಗಿ ಒಂದು ಎಳೆ ಜಾರಿತ್ತು. ತಾನು ತೆಗೆದಿಟ್ಟುಕೊಂಡಿದ್ದ ಆ ಗೂಡಿನ ಫೋಟೊ ಹಿಗ್ಗಿಸಿ ನೋಡಿ, ಅದೇ ಎಳೆಯನ್ನು ಅಷ್ಟೇ ಜಾರಿಸಿದಳು. ಹೊಸ ಹೊಳಪು ಹೋಗಲೆಂದು ಚಹಾದ ನೀರಿನಲ್ಲಿ ಅದ್ದಿ ನೆರಳಿಗೆ ಒಣಗಿಸಿದಳು.

ಗಾಜು ತೆಗೆಯುವುದು ಅವಳನ್ನು ಬಿಟ್ಟು ಯಾರಿಗೂ ತಿಳಿಯದು. ಮೊಳೆ ಕಾಣಬಾರದು, ಸಂದು ಕಾಣಬಾರದು ಎಂದು ಅಯಸ್ಕಾಂತದ ಮೇಲೆ ಕೂರಿಸಿದ್ದಳು. ಕೆಳಗಿನ ಎಡಮೂಲೆಯಲ್ಲಿ ಒಂದು ಜಾಗ ಒತ್ತಿದರೆ ಮಾತ್ರ ಸಡಿಲುತ್ತದೆ. ಅದನ್ನು ಮಾಡಿದ ಬಡಿಗ ಆಸಿಫ ಗೋವೆಗೆ ಕೆಲಸಕ್ಕೆ ಹೋಗಿದ್ದ.

ಒಂದು ಶನಿವಾರ ಮನೆಯವರು ತುಳಸಿಗೇರಿಯ ಹನಮಪ್ಪನ ದರ್ಶನಕ್ಕೆ ಹೊರಟರು. ಗೋಡೆಯ ಕೂದಲೆಳೆಯಂಥ ಬಿರುಕಿಗೆ ಸುಣ್ಣ ತುಂಬಬೇಕೆಂದು ಚೇತನಾ ಬಂದಳು. ಉಳಿದದ್ದು ಬೀರೇಶನ ತಾಯಿ ರಂಗವ್ವ ಒಬ್ಬಳೇ, ಪಡಸಾಲೆಯಲ್ಲಿ. ಗಾಜು ಸಡಿಲಿತು. ಹಳೆಯ ಸೀರೆ ಸುಣ್ಣದ ಚೀಲದ ತಳಕ್ಕೆ ಹೋಯಿತು, ಹೊಸ ತುಂಡು ಗೂಡಿಗೆ ಬಂತು. ಗಾಜು ಇನ್ನೂ ಕೈಯಲ್ಲಿದ್ದಾಗಲೇ ಬಾಗಿಲಲ್ಲಿ ರಂಗವ್ವ ನಿಂತಿದ್ದಳು.

"ಏನ್ ಮಾಡಾಕತ್ತೀ ಯವ್ವಾ?"

"ಗಾಜ ಒರಸಾಕತ್ತೇನ್ರಿ ಅಮ್ಮಾ."

"ಒರಸು, ಒರಸು. ಮನಿಯೊಳಗ ನೋಡೂವಂಥಾದ್ದು ಅದೊಂದ ಐತಿ." ಮುದುಕಿ ತಂಬಾಕು ತಿಕ್ಕುತ್ತ ಹೊರಗೆ ಹೋದಳು.

ಅದಾದ ಹದಿನೆಂಟನೆಯ ದಿನ ಯಮನವ್ವ ತೀರಿಕೊಂಡಳು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮಣ್ಣು ಮಾಡಿದರು. ಸೆರಗನ್ನು ಮುಟ್ಟಿ ನೋಡಿದ ಅಮೀನಪ್ಪ, "ಮೂರನೇ ತೆನಿ ತಪ್ಪ್ಯಾಳ ನೋಡ" ಎಂದು ಮೊದಲ ಸಲ ಅತ್ತ. ಆಮೇಲೆ ಚೇತನಾ ಎರಡು ಸಲ ಬೀರೇಶನ ಮನೆಗೆ ಹೋಗಿಬಂದಳು. ಗೋಡೆಯತ್ತ ಯಾರೂ ಅನುಮಾನದಿಂದ ನೋಡಲಿಲ್ಲ. ನಿಂತು ನೋಡಿದರೆ ಅವಳಿಗೇ ವ್ಯತ್ಯಾಸ ಕಾಣುತ್ತಿರಲಿಲ್ಲ. ರಾತ್ರಿ ನಿದ್ದೆ ಬರತೊಡಗಿತು.

ಒಂದು ದಿನ ಜಯಶ್ರೀಯ ಫೋನು ಬಂತು. ದನಿಯಲ್ಲಿ ಸಂತೋಷ ತುಂಬಿತ್ತು. "ಸೊಸಿ ವಿದ್ಯಾಗ ಐದು ತಿಂಗಳಾತು, ನಾಳೆ ಕುಬಸ ಇಟಗೊಂಡೇವಿ. ಹಸರ ಸೀರಿ ಅಂಗಡ್ಯಾಗ ಹುಡಕೂದ್ಯಾಕ, ಮುತ್ತೈದಿ ನೇದದ್ದು ಗೋಡಿ ಮ್ಯಾಲ ಐತಲ್ಲ ಅಂದ್ರು ನಮ್ಮತ್ತಿ. ಆ ಗಾಜು ತಗಿಯಾಕ ನಿನಗಷ್ಟ ಬರತೈತಿ. ಮುಂಜಾನಿ ಬಂದು ತಗದ ಕೊಟ್ಟು, ಊಟಾ ಮಾಡಕೊಂಡ ಹೋಗು." ಕುಬಸದ ದಿನ ಬಸುರಿಗೂ ಹಸಿರೇ ಉಡಿಸುತ್ತಾರೆ ಎಂಬುದು ಚೇತನಾಗೆ ಗೊತ್ತಿಲ್ಲದ್ದಲ್ಲ, ಅವಳ ಮನೆಯ ಮಗ್ಗದಲ್ಲಿ ಅಂಥ ಸೀರೆಗಳು ಎಷ್ಟೋ ಇಳಿದಿದ್ದವು. ನೋಡುವವರ ಕಣ್ಣಿಗೆ ಏನೇನು ಬೀಳಬಹುದೆಂದು ಅಷ್ಟೆಲ್ಲ ಲೆಕ್ಕ ಹಾಕಿದ ನೇಕಾರರ ಮಗಳು, ಸೀರೆಯನ್ನು ಯಾರಾದರೂ ಉಡಬಹುದು ಎಂಬುದೊಂದನ್ನು ಮರೆತಿದ್ದಳು. ಮರುದಿನ ಅವಳು ಹುನಗುಂದದ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸು ಹತ್ತಿದಳು, ಅರಿಸಿನ ಕುಂಕುಮದ ತಟ್ಟೆ ಹಿಡಿದ ಹೆಂಗಸರ ನಡುವೆ ನಡೆದು ಗಾಜಿನ ಎಡಮೂಲೆಗೆ ಬೆರಳಿಟ್ಟಳು ಎಂಬಷ್ಟು ನನಗೆ ಗೊತ್ತು. ಸೆರಗಿನಾಚೆ ಒಂದೇ ಮೊಳವಿದ್ದ ಆ ತುಂಡು ಬಿಚ್ಚಿಕೊಂಡಾಗ ಅವಳು ಏನು ಹೇಳಿದಳು, ನಿಜವನ್ನೇ ಹೇಳಿದಳೋ, ಹೇಳಿದ್ದರೆ ಅದನ್ನು ಕೇಳಿದ ಆ ಬಸುರಿ ಹೇಗೆ ತಡೆದುಕೊಂಡಳು, ಅದು ಯಾವುದೂ ನನಗೆ ತಿಳಿಯದು.